ಓದುಗರ ಪ್ರಶ್ನೆ: ಇಪ್ಪತ್ತು ವರ್ಷ ಪಾಠ ಮಾಡಿದವರೂ ಟಿಇಟಿ ಬರೆಯಬೇಕೇ?

ಪ್ರಶ್ನೆ: ನಾನು ಬೆಂಗಳೂರಿನ ಅನುದಾನಿತ ಶಾಲೆಯೊಂದರಲ್ಲಿ 2004ರಿಂದ ಆರು ಮತ್ತು ಏಳನೆಯ ತರಗತಿಗಳಿಗೆ ಗಣಿತ ಕಲಿಸುತ್ತಿದ್ದೇನೆ. ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಬಿ.ಎಸ್ಸಿ., ಆಮೇಲೆ ಬಿ.ಎಡ್. ಮಾಡಿದ್ದೇನೆ. ನಿವೃತ್ತಿಗೆ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಸಮಯವಿದೆ. ಈಗ ಆಡಳಿತ ಮಂಡಳಿಯವರು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಲೇಬೇಕು ಎನ್ನುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯರ ಪಕ್ಕದಲ್ಲಿ ಕುಳಿತು ನಾನೂ ಪರೀಕ್ಷೆ ಬರೆಯಬೇಕೇ? ಪದವಿ ಮತ್ತು ಬಿ.ಎಡ್. ಸಾಲದೇ?
– ಓರ್ವ ಶಿಕ್ಷಕಿ, ಚಾಮರಾಜಪೇಟೆ

ಉತ್ತರ: ಸಾಲದು ಮೇಡಂ, ಬರೆಯಬೇಕು. ನಿಮ್ಮ ಅಸಮಾಧಾನ ಅರ್ಥವಾಗುತ್ತದೆ. ನೀವು ಕೆಲಸಕ್ಕೆ ಸೇರಿದಾಗ ಟಿಇಟಿ ಎಂಬ ಪರೀಕ್ಷೆಯೇ ಇರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಗೊತ್ತುಪಡಿಸಿತು. ಅದಕ್ಕೂ ಮೊದಲೇ ನೇಮಕವಾದವರಿಗೆ ಅದು ಅನ್ವಯಿಸುವುದಿಲ್ಲವೆಂದೇ ಬಹಳ ಮಂದಿ ನಿಶ್ಚಿಂತೆಯಿಂದ ಇದ್ದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ನಿಶ್ಚಿಂತೆಯನ್ನು ತೆಗೆದುಹಾಕಿತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲದಿದ್ದರೆ ಸೇವೆಯಿಂದ ಹೊರಹೋಗಬೇಕಾಗುತ್ತದೆ. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಅವರಿಗೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ನ್ಯಾಯಾಲಯವು ದೊಡ್ಡ ಪೀಠಕ್ಕೆ ಒಪ್ಪಿಸಿದೆ. ತೀರ್ಪು ಬದಲಾಗುತ್ತದೆಂಬ ಸ್ಟಾಫ್ ರೂಮಿನ ಮಾತನ್ನು ನಂಬಿಕೊಂಡು ಕಾಯುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ನೀವು ಬರೆಯಬೇಕಾದದ್ದು ಆರರಿಂದ ಎಂಟನೆಯ ತರಗತಿಯ ಶಿಕ್ಷಕರಿಗಾಗಿ ಇರುವ ಎರಡನೆಯ ಪತ್ರಿಕೆ. ನೂರೈವತ್ತು ಪ್ರಶ್ನೆ, ನೂರೈವತ್ತು ಅಂಕ, ಎರಡೂವರೆ ಗಂಟೆ. ನಿಮ್ಮಂಥ ಗಣಿತದವರು ಎಡವುವುದು ಇದರ ಅಂಕಗಳ ಹಂಚಿಕೆಯಲ್ಲೇ. ಗಣಿತ ಮತ್ತು ವಿಜ್ಞಾನ ಎರಡೂ ಸೇರಿ ಇರುವುದು 60 ಅಂಕ ಮಾತ್ರ. ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಮೊದಲ ಭಾಷೆಗೆ 30, ಎರಡನೆಯ ಭಾಷೆಗೆ 30. ಸಾಮಾನ್ಯ ವರ್ಗದವರು ಪಾಸಾಗಲು ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55 ಸಾಕು. ಗಣಿತ–ವಿಜ್ಞಾನದಲ್ಲಿ ಅರವತ್ತಕ್ಕೆ ಅರವತ್ತು ಬಂದರೂ ಇನ್ನೂ ಮೂವತ್ತು ಅಂಕವನ್ನು ಭಾಷೆ ಮತ್ತು ಬೋಧನಾ ಶಾಸ್ತ್ರದಿಂದಲೇ ತರಬೇಕು. ನೀವು ಎಂದೋ ಬಿಟ್ಟ ಜೀವಶಾಸ್ತ್ರವೂ ಆ ಅರವತ್ತರೊಳಗೇ ಕುಳಿತಿರುತ್ತದೆ ಎಂಬುದನ್ನು ಮರೆಯಬೇಡಿ. ವಿಷಯಜ್ಞಾನಕ್ಕೆ ಪುರಾವೆ ನಿಮ್ಮ ಪದವಿ. ಟಿಇಟಿ ಹೆಚ್ಚಾಗಿ ಕೇಳುವುದು ಬೇರೆಯದನ್ನೇ.

ಹಾಗೆಂದು ಅದು ನಿಮಗೆ ಅಪರಿಚಿತವಾದದ್ದೂ ಅಲ್ಲ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಎಂದರೆ ಐದನೇ ಎರಡು ಎಂದು ಬರೆದುಕೊಡುವ ಹುಡುಗ ನಿಮ್ಮ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾನೆ. ಆತ ಮೇಲಿನ ಅಂಕಿಗಳನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿದ್ದಾನೆ. ಭಿನ್ನರಾಶಿಯನ್ನು ಒಂದೇ ಸಂಖ್ಯೆಯೆಂದು ಕಾಣದೆ ಎರಡು ಪೂರ್ಣಸಂಖ್ಯೆಗಳೆಂದು ಕಂಡಿದ್ದಾನೆ. ಇದನ್ನು ನೋಡಿ ಶಿಕ್ಷಕಿ ಮೊದಲು ಏನು ಮಾಡಬೇಕು ಎಂಬುದೇ ಬೋಧನಾ ಶಾಸ್ತ್ರದ ಪ್ರಶ್ನೆಗಳ ಜಾತಿ. ನೀವು ಬಹುಶಃ ರೊಟ್ಟಿಯ ಚಿತ್ರ ಬರೆದು, ಅರ್ಧಕ್ಕಿಂತ ಐದನೇ ಎರಡು ಚಿಕ್ಕದಲ್ಲವೇ, ಕೂಡಿಸಿದ ಮೇಲೆ ಕಡಿಮೆ ಆಗುವುದುಂಟೇ ಎಂದು ಆತನನ್ನೇ ಕೇಳುತ್ತೀರಿ. ಇನ್ನು ಬೇಕಾಗಿರುವುದು ಅದನ್ನು ಪಿಯಾಜೆ, ವೈಗೋಟ್ಸ್ಕಿ ಎಂಬ ಮನೋವಿಜ್ಞಾನಿಗಳ ಪರಿಭಾಷೆಯಲ್ಲಿ ಗುರುತಿಸುವ ಅಭ್ಯಾಸ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಓಎಂಆರ್ ಹಾಳೆಯ ವೃತ್ತಗಳನ್ನು ತುಂಬುವುದನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಅಭ್ಯಾಸ ಮಾಡಿ; ನಮ್ಮ ವಯಸ್ಸಿನವರಿಗೆ ಕೈ ಓಡದಿರುವುದು ಅಲ್ಲೇ. ಹಳೆಯ ವಿದ್ಯಾರ್ಥಿನಿ ಪಕ್ಕದಲ್ಲಿ ಸಿಕ್ಕರೆ ಆಕೆಯ ಟಿಪ್ಪಣಿಗಳನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಡ.

ಪ್ರಶ್ನೆ: ಮಗಳು ಸಿಬಿಝಡ್‌ನಲ್ಲಿ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಬಿ.ಎಸ್ಸಿ. ಓದುತ್ತಿದ್ದಾಳೆ. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆ. ಬಿ.ಎಡ್. ಮಾಡಿಸಿದರೆ ಎಲ್ಲ ತರಗತಿಗೂ ಆಗುತ್ತದಲ್ಲವೇ?
– ಓರ್ವ ತಂದೆ, ಯಶವಂತಪುರ

ಉತ್ತರ: ಆಗುವುದಿಲ್ಲ. ದೊಡ್ಡ ತರಬೇತಿಯಲ್ಲಿ ಚಿಕ್ಕದು ಅಡಗಿರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು. ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಆ ತರಗತಿಗಳಿಗೆ ಬೇಕಾದದ್ದು ಡಿ.ಎಲ್.ಎಡ್., ಅಂದರೆ ನಮ್ಮ ಕಾಲದ ಟಿಸಿಎಚ್ ಇದ್ದ ಜಾಗದಲ್ಲಿ ಈಗ ಇರುವ ಎರಡು ವರ್ಷದ ತರಬೇತಿ. ಜೊತೆಗೆ ಟಿಇಟಿಯ ಮೊದಲ ಪತ್ರಿಕೆ. ಬಿ.ಎಡ್. ಮಾಡಿದರೆ ಆರನೆಯ ತರಗತಿಯಿಂದ ಮೇಲಕ್ಕೆ ದಾರಿ. ಪ್ರೌಢಶಾಲಾ ನೇಮಕಾತಿಯಲ್ಲಿ ಪಿಸಿಎಂ ಮತ್ತು ಸಿಬಿಝಡ್ ಹುದ್ದೆಗಳು ಬೇರೆ ಬೇರೆಯಾದ್ದರಿಂದ, ಪದವಿಯಲ್ಲಿ ಓದಿದ ವಿಷಯಕ್ಕೂ ಬಿ.ಎಡ್.ನಲ್ಲಿ ಆರಿಸಿಕೊಳ್ಳುವ ಬೋಧನಾ ವಿಷಯಕ್ಕೂ ತಾಳೆಯಾಗುವಂತೆ ನೋಡಿಕೊಳ್ಳಬೇಕು. ಸೀಟು ಸಿಕ್ಕಿತೆಂದು ಯಾವುದೋ ವಿಷಯ ತೆಗೆದುಕೊಂಡು ಅರ್ಜಿ ಹಾಕುವ ದಿನ ಪೇಚಾಡಿದವರನ್ನು ಕಂಡಿದ್ದೇನೆ.

ಮಗಳಿಗೆ ನಿಜಕ್ಕೂ ಒಂದನೆಯ ತರಗತಿಯ ಮಕ್ಕಳೇ ಇಷ್ಟವೋ ಅಥವಾ ವಿಜ್ಞಾನ ಕಲಿಸುವುದು ಇಷ್ಟವೋ ಎಂಬುದನ್ನು ಮೊದಲು ಅವಳನ್ನೇ ಕೇಳಿ. ಟಿಇಟಿ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಲಾಗಿದೆ. ಆದ್ದರಿಂದ ಯಾವ ತರಬೇತಿಗೆ ಸೇರಿದರೂ ಓದು ಬಿಸಿಯಾಗಿರುವಾಗಲೇ ಬರೆದು ಮುಗಿಸಲಿ.