ನೀರು ಬಿಟ್ಟ ಲೆಕ್ಕ, ಗದ್ದೆಗೆ ಬಂದ ಲೆಕ್ಕ

ಓದುಗರ ಪತ್ರ: ಮಂಡ್ಯದಿಂದ ಮೈಸೂರಿನ ಹೂಟಗಳ್ಳಿಗೆ ದಿನಾ ಓಡಾಡುವ ಓದುಗರೊಬ್ಬರು ಬರೆದಿದ್ದಾರೆ. ಅಲ್ಲಿನ ಕಾರ್ಖಾನೆಯೊಂದರ ಎಚ್‌ಆರ್ (ಸಿಬ್ಬಂದಿ) ವಿಭಾಗದಲ್ಲಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹೊಸದಾಗಿ ಸೇರುವ ಐಟಿಐ ಹುಡುಗರಿಗೆ ಒಬ್ಬೊಬ್ಬ ಹಿರಿಯರನ್ನು ಮೆಂಟರ್, ಅಂದರೆ ಮಾರ್ಗದರ್ಶಿ, ಮಾಡಿದ್ದಾರಂತೆ. ತಿಂಗಳಿಗೆ ಎರಡು ಭೇಟಿ, ಭೇಟಿಗೊಂದು ಫಾರಂ. ಫಾರಂಗಳೆಲ್ಲ ತುಂಬಿ ಬರುತ್ತಿವೆ, ಹುಡುಗರು ಮಾತ್ರ ಕೆಲಸ ಬಿಡುತ್ತಲೇ ಇದ್ದಾರೆ. "ಹಿರಿಯರಿಗೆ ಒಂದಿಷ್ಟು ದುಡ್ಡು ಕೊಟ್ಟರೆ ಸರಿ ಹೋಗುತ್ತಾ? ಇಲ್ಲಾ ಈಗಿನ ಹುಡುಗರೇ ಹೀಗಾ?" ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಹುಡುಗರನ್ನು ಬೈಯೋದು ಆಮೇಲೆ ನೋಡೋಣ. ಪತ್ರದ ಜೊತೆ ನೀವು ಕಳಿಸಿದ ಖಾಲಿ ಫಾರಂ ನೋಡಿದೆ. ಭೇಟಿಯ ದಿನಾಂಕ, ಚರ್ಚಿಸಿದ ವಿಷಯ, ನೀಡಿದ ಸಲಹೆ, ಮೆಂಟರ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ. ಹುಡುಗನ ಸಹಿಗೇ ಜಾಗ ಇಲ್ಲ! ಅವನಿಗೆ ಏನು ಬೇಕಿತ್ತು ಎಂದು ಕೇಳುವ ಕಾಲಂ ಅಂತೂ ಇಲ್ಲವೇ ಇಲ್ಲ.

ನೀವು ಮಂಡ್ಯದವರು, ನಿಮಗೆ ಹೇಳಬೇಕಾ? ಕೆಆರ್‌ಎಸ್ ಅಣೆಕಟ್ಟೆಯಿಂದ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ ಕಡತದಲ್ಲಿ ಸರಿಯಾಗೇ ಇರುತ್ತದೆ. ಕೊನೇ ಭಾಗದ ರೈತ ಕೇಳುವುದೇ ಬೇರೆ: ನನ್ನ ಗದ್ದೆಗೆ ಬಂತಾ? ನಿಮ್ಮ ಫಾರಂನಲ್ಲಿರುವುದು ನೀರು ಬಿಟ್ಟ ಲೆಕ್ಕ.

2004ರಲ್ಲಿ ಸ್ಟೀಫನ್ ವಾರ್ಗೊ ಮತ್ತು ರಾಬರ್ಟ್ ಲಷ್ ಎಂಬ ಮಾರ್ಕೆಟಿಂಗ್ ವಿದ್ವಾಂಸರು ಒಂದು ವಾದ ಮುಂದಿಟ್ಟರು. ಕಂಪನಿ ಪ್ರಯೋಜನವನ್ನು ತಾನೇ ತಯಾರಿಸಿ, ಕಟ್ಟಿ, ಗಿರಾಕಿಯ ಕೈಗೆ ಕೊಡಲು ಆಗುವುದಿಲ್ಲ. ಗಿರಾಕಿ ಬಳಸಿದಾಗಲೇ ಅದು ಹುಟ್ಟುವುದು, ಅದರಲ್ಲಿ ಅವನದೂ ಪಾಲಿದೆ. ಪ್ರಯೋಜನ ಆಯಿತೋ ಇಲ್ಲವೋ ಎಂದು ಹೇಳಬೇಕಾದವನೂ ಅವನೇ. ಇದನ್ನು ಎಚ್‌ಆರ್‌ಗೆ ಹಚ್ಚಿ ನೋಡಿ. ಮೆಂಟರಿಂಗ್ ಒಂದು ಸೇವೆ ಎಂದಾದರೆ ಅದರ ಗಿರಾಕಿ ಆ ಹುಡುಗ. ಮ್ಯಾನೇಜ್‌ಮೆಂಟ್ ಅಲ್ಲ, ಆಡಿಟ್‌ನವರೂ ಅಲ್ಲ.

ಬಿಟ್ಟು ಹೋದ ಪಾಂಡವಪುರದ ಹುಡುಗನ ಬಗ್ಗೆ ನೀವು ಬರೆದ ನಾಲ್ಕು ಸಾಲೇ ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿತು. ಲೋಹ ಕಡೆಯುವ ಲೇತ್ ಮೆಷಿನ್ ಮೇಲೆ ಒಳ್ಳೇ ಕೈ. ಒಂದು ರಾತ್ರಿ ಪಾಳಿಯಲ್ಲಿ ಪೀಸು ಅಳತೆಗೆ ಬರಲಿಲ್ಲ. ಅಳತೆ ಸಾಧನ ವರ್ನಿಯರ್ ಹಿಡಿದು ಮತ್ತೆ ಮತ್ತೆ ನೋಡಿದ. ಹೇಳಿದರೆ ಬೈತಾರೆ ಅಂತ ಸುಮ್ನೆ ಓಡಿಸಿದ. ಬೆಳಿಗ್ಗೆ ಇಡೀ ಬ್ಯಾಚ್ ರಿಜೆಕ್ಟ್. ಆಮೇಲೆ ಅವನು ಬರಲೇ ಇಲ್ಲ. ಅವನ ಫಾರಂನಲ್ಲಿ "ಸುರಕ್ಷತೆ, ಸಮಯಪಾಲನೆ ಬಗ್ಗೆ ತಿಳಿಸಲಾಯಿತು" ಎಂದಿತ್ತಂತೆ. ಅವನಿಗೆ ಗೊತ್ತಿಲ್ಲದೆ ಇದ್ದದ್ದು ಅದಲ್ಲ. ನಡುರಾತ್ರಿ ಮೆಷಿನ್ ನಿಲ್ಲಿಸಿ "ಇದು ಸರಿ ಬರ್ತಿಲ್ಲ ಸಾರ್" ಎಂದು ಯಾರಿಗೆ, ಹೇಗೆ ಹೇಳಬೇಕು ಎಂಬುದು.

ಕಚೇರಿಗಳಲ್ಲಿನ ಮೆಂಟರಿಂಗ್ ಬಗ್ಗೆ 1980ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಕ್ಯಾಥಿ ಕ್ರಾಮ್ ಮೆಂಟರ್‌ಗೆ ಎರಡು ಬಗೆಯ ಕೆಲಸ ಇದೆ ಎಂದರು. ಒಂದು, ವೃತ್ತಿಯಲ್ಲಿ ಮುಂದೆ ತರುವುದು: ಒಳ್ಳೇ ಕೆಲಸ ಕೊಡಿಸುವುದು, ಮೇಲಿನವರ ಕಣ್ಣಿಗೆ ಬೀಳುವಂತೆ ಮಾಡುವುದು, ಎಡವಟ್ಟಾದಾಗ ಅಡ್ಡ ನಿಲ್ಲುವುದು. ಇನ್ನೊಂದು, ಮನಸ್ಸಿಗೆ ಬಲ ಕೊಡುವುದು. ನಿಮ್ಮ ಹುಡುಗನಿಗೆ ಎರಡೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವನ ಮೆಂಟರ್ ಅವನದೇ ಸೂಪರ್‌ವೈಸರ್. ಕೆಲಸ ಕಾಯಂ ಮಾಡಬಹುದಾ ಎಂಬ ಕನ್ಫರ್ಮೇಷನ್ ರಿಪೋರ್ಟ್ ಬರೆಯುವವರ ಮುಂದೆ "ನಂಗೆ ಗೊತ್ತಾಗ್ಲಿಲ್ಲ" ಎಂದು ಯಾರು ಬಾಯಿ ಬಿಡ್ತಾರೆ? ನೀವು ಬಿಡ್ತಿದ್ರಾ? ಮೊದಲು ಮೆಂಟರನ್ನು ಬೇರೆ ಸೆಕ್ಷನ್‌ನಿಂದ ಕೊಡಿ. ಅಪ್ರೆಂಟಿಸ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವರು ಟ್ರೈನಿಗಳು, ಕಾರ್ಮಿಕರಲ್ಲ. ಕಾಯಂ ನೌಕರನಿಗಿರುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಚರ್ಚಿಸಿದ ವಿಷಯದ ಕಾಲಂ ತೆಗೆದುಹಾಕಿ. ಬರೆದಿಡುತ್ತಾರೆ ಎಂದು ಗೊತ್ತಾದ ಮೇಲೆ ಯಾರೂ ನಿಜ ಮಾತಾಡಲ್ಲ. ಆಡಿಟ್‌ಗೆ ಯಾರಿಗೆ ಯಾರು ಮೆಂಟರ್, ಯಾವತ್ತಿನಿಂದ ಯಾವತ್ತಿನವರೆಗೆ, ಇಷ್ಟು ಸಾಕು. ಆರು ತಿಂಗಳಿಗೆ ಮುಗಿಯಲಿ. ಹೊಂದಾಣಿಕೆ ಆಗದಿದ್ದರೆ ಕಾರಣ ಕೇಳದೆ ಬದಲಾಯಿಸಿಕೊಡಿ. ಬೆಳಗಿನ ರೈಲಿನಲ್ಲಿ ಹುಡುಗರು ಎಲ್ಲಾ ಮಾತಾಡಿಕೊಳ್ಳುತ್ತಾರೆ, ನಿಮ್ಮನ್ನು ಕಂಡರೆ ಸುಮ್ಮನಾಗುತ್ತಾರೆ ಎಂದು ಬೇಜಾರು ಮಾಡಿಕೊಂಡಿದ್ದೀರಿ. ಬೇಜಾರು ಬೇಡ. ಮಾತಾಡಲು ಅವರಿಗೆ ಬರುತ್ತೆ ಎಂದಾಯಿತಲ್ವಾ!

ಇನ್ನು ದುಡ್ಡು. ಭೇಟಿಗಿಷ್ಟು ಎಂದು ಕೊಟ್ಟರೆ ಭೇಟಿಗಳು ಜಾಸ್ತಿ ಆಗುತ್ತವೆ, ಅಷ್ಟೇ. ಹಿರಿಯರ ಕಷ್ಟ ಬೇರೆ ಇದೆ. ದಿನದ ಟಾರ್ಗೆಟ್ ಇಳಿಸದೆ ಹುಡುಗನಿಗೂ ಹೇಳಿಕೊಡು ಎಂದರೆ ಅವರು ಟೀ ಬಿಡುವಿನಲ್ಲಿ ಹೇಳಿಕೊಡಬೇಕಾ? ಹುಡುಗ ಕಲಿತರೆ ತಮ್ಮ ಓಟಿಗೆ (ಹೆಚ್ಚುವರಿ ದುಡಿಮೆಯ ಸಂಬಳಕ್ಕೆ) ಕತ್ತರಿ ಬೀಳುತ್ತೆ ಎಂಬ ಭಯವೂ ಕೆಲವರಿಗಿದೆ, ಅದನ್ನು ಸಣ್ಣತನ ಅನ್ನಬೇಡಿ. ಎಚ್‌ಆರ್ ಸೇವೆ ಅವರಿಗೂ ಸಲ್ಲಬೇಕು. ವಾರಕ್ಕೆ ಒಂದು ಗಂಟೆ ಮೆಷಿನ್‌ನಿಂದ ಬಿಡುವು ಕೊಡಿ, ಆ ಗಂಟೆಯ ಟಾರ್ಗೆಟ್ ಕಳೆಯಿರಿ. ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಲ್ಲ ಅಂತೀರಿ. ಹೊಸಬನನ್ನು ಹುಡುಕುವುದು, ಮೆಡಿಕಲ್, ಇಂಡಕ್ಷನ್, ಅವನು ಕಲಿಯುವಷ್ಟರಲ್ಲಿ ಕೆಡಿಸುವ ಪೀಸು, ಜೊತೆಗೆ ಆ ರಾತ್ರಿಯ ಬ್ಯಾಚು, ಎಲ್ಲಾ ಕೂಡಿಸಿ ಒಂದು ಹಾಳೆಯಲ್ಲಿ ಅವರ ಮುಂದಿಡಿ. ಆಮೇಲೂ ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.

– ಸಂ.