ಹಾಡುವುದು ದೇವರಿಗೋ, ಹೊಗಳಿಕೆಗೋ?

ಪ್ರಶ್ನೆ: ಹತ್ತು ವರ್ಷದಿಂದ ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತಿದ್ದೇನೆ. ಪೂಜೆ ಮುಗಿದ ಮೇಲೆ ಯಾರಾದರೂ ಬಂದು ‘ಚೆನ್ನಾಗಿತ್ತು’ ಅನ್ನದಿದ್ದರೆ ಆ ಭಾನುವಾರವೆಲ್ಲ ಮನಸ್ಸು ಮುದುಡಿಕೊಂಡಿರುತ್ತದೆ. ಇಂಥ ಮನಸ್ಸಿಟ್ಟುಕೊಂಡು ಹಾಡುವುದು ಕಪಟವಲ್ಲವೇ? ಬಿಟ್ಟುಬಿಡಲೇ?
– ಒಬ್ಬ ಓದುಗಿ, ಚಿಕ್ಕಮಗಳೂರು

ಉತ್ತರ: ಬಿಡಬೇಡಿ. ಮತ್ತಾಯ 6ರಲ್ಲಿ ಯೇಸುಸ್ವಾಮಿ ಕಪಟಿಗಳೆಂದು ಕರೆಯುವುದು ಜನ ನೋಡಲೆಂದೇ ತುತೂರಿ ಊದಿಸಿ ದಾನ ಕೊಡುವವರನ್ನು. ನಿಮ್ಮದು ಬೇರೆ. ದೇವರಿಗೆಂದು ಶುರುವಾದ ಕೆಲಸದೊಳಕ್ಕೆ ಹೊಗಳಿಕೆಯ ಆಸೆ ಆಮೇಲೆ ನುಸುಳಿದೆ. ಯೇಸುಸಭೆಯನ್ನು ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ ಅವರ ಪ್ರಾರ್ಥನೆಯ ಕೈಪಿಡಿ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಪರಿಸ್ಥಿತಿಗೆಂದೇ ಒಂದು ಸೂಚನೆ ಇದೆ. ಒಳ್ಳೆಯ ಕೆಲಸಕ್ಕೆ ಹೊರಟಾಗ ‘ಇದೆಲ್ಲ ನಿನ್ನ ಒಣಹೆಮ್ಮೆ, ಬಿಡು’ ಎಂಬ ಯೋಚನೆ ಬಂದರೆ, ಸಂತ ಬರ್ನಾರ್ಡರ ಹಾಗೆ ಅದಕ್ಕೆ ಉತ್ತರ ಕೊಡಿ ಅನ್ನುತ್ತಾರೆ: ನಿನಗಾಗಿ ಶುರು ಮಾಡಿದ್ದಲ್ಲ, ನಿನಗಾಗಿ ನಿಲ್ಲಿಸುವುದೂ ಇಲ್ಲ. ಅಲ್ಲದೆ, ಕ್ವಾಯರ್ ಬಿಟ್ಟರೆ ‘ಎಷ್ಟು ವಿನಯ ನೋಡಿ’ ಎಂಬ ಹೊಗಳಿಕೆಗೂ ಮನಸ್ಸು ಕಾಯಬಹುದು.

ಹಾಡುವ ಹೊತ್ತಿನಲ್ಲಿ ಮನಸ್ಸನ್ನು ತಡಕಲು ಹೋಗಬೇಡಿ, ಶ್ರುತಿ ತಪ್ಪುತ್ತದೆ. ನಾಲ್ಕು ಭಾನುವಾರ ಎರಡೇ ಸಂಗತಿ ಗಮನಿಸಿ. ಯಾರೂ ಕೇಳದ ಅಭ್ಯಾಸದ ದಿನ ನೀವು ಹೇಗೆ ಹಾಡುತ್ತೀರಿ? ಒಂಟಿ ಹಾಡು ಇನ್ನೊಬ್ಬರಿಗೆ ಸಿಕ್ಕಾಗ ಒಳಗೆ ಏನಾಗುತ್ತದೆ? ಚುಚ್ಚಿದರೆ ಚುಚ್ಚಿತು ಎಂದು ಒಪ್ಪಿಕೊಳ್ಳಿ. ಆಮೇಲೆ, ಕಷ್ಟವಾದರೂ, ಅದಕ್ಕೆ ಎದುರಾಗಿ ಬೇಡಿಕೊಳ್ಳಿ: ‘ನಿನ್ನ ಸೇವೆಗೆ ಒಳ್ಳೆಯದಾದರೆ ಆ ಹಾಡು ಅವಳಿಗೇ ಸಿಗಲಿ.’ ಬಿಡಲಾಗದ್ದಕ್ಕೆ ಮನಸ್ಸು ಅಂಟಿಕೊಂಡಾಗ ಇಗ್ನೇಷಿಯಸ್ ಹೇಳುವ ಮದ್ದು ಇದೇ. ಪೂಜೆ ಮುಗಿದೊಡನೆ ಬಾಗಿಲ ಬಳಿ ನಿಲ್ಲದೆ ಹಾಡಿನ ಪುಸ್ತಕಗಳನ್ನು ಕಪಾಟಿಗೆ ಜೋಡಿಸುವ ಕೆಲಸ ವಹಿಸಿಕೊಳ್ಳಿ.

ಪ್ರಶ್ನೆ: ರಾತ್ರಿ ಆತ್ಮಶೋಧನೆಗೆ ಕೂತರೆ ಒಂದೋ ನಿದ್ದೆ ಬರುತ್ತದೆ, ಇಲ್ಲವೇ ಪಾಪಗಳ ನೆನಪಾಗಿ ನಿದ್ದೆಯೇ ಹಾರಿಹೋಗುತ್ತದೆ. ಇದಕ್ಕೊಂದು ಕ್ರಮ ಇದೆಯೇ?
– ಹೆಸರು ಬೇಡ, ಹಾಸನ

ಉತ್ತರ: ನಿದ್ದೆ ಬರುವುದು ಹಾಸಿಗೆಯ ಮೇಲೆ ಕೂರುವುದರಿಂದ. ರಾತ್ರಿ ಊಟಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಮಾಡಿ, 15 ನಿಮಿಷ ಮೀರಬೇಡಿ. ನಿದ್ದೆ ಹಾರುವುದು ನೇರವಾಗಿ ಪಾಪಕ್ಕೆ ಕೈಹಾಕುವುದರಿಂದ. ಇಗ್ನೇಷಿಯಸ್ ಇಟ್ಟ ಐದು ಹೆಜ್ಜೆಗಳಲ್ಲಿ ಮೊದಲನೆಯದು ಕೃತಜ್ಞತೆ. ಎರಡನೆಯದು, ತನ್ನ ಪಾಪ ತಿಳಿಯುವ ವರ ಬೇಡುವುದು. ಎದ್ದಾಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡುವುದು ಮೂರನೆಯದು. ಆಮೇಲೆ ಕ್ಷಮೆ, ಕೊನೆಗೆ ನಾಳೆಗೊಂದು ನಿರ್ಧಾರ. ಕೃತಜ್ಞತೆಗೆ ಮೂರು ನಿಮಿಷ ಕೊಡಿ, ದಿನ ನೋಡಲು ಏಳು, ಉಳಿದದ್ದಕ್ಕೆ ಐದು. ಮೊದಲ ಹೆಜ್ಜೆ ಹಾರಿಸಿದರೆ ನ್ಯಾಯಾಧೀಶರ ಎದುರು ಒಬ್ಬರೇ ನಿಂತ ಹಾಗಾಗುತ್ತದೆ.

ಮೂರನೆಯ ಹೆಜ್ಜೆಯಲ್ಲಿ ‘ಏನು ಮಾಡಿದೆ’ ಎಂದು ಕೇಳಿ ನಿಲ್ಲಬೇಡಿ. ‘ಆಗ ಏನು ಬಯಸಿದ್ದೆ’ ಎಂದೂ ಕೇಳಿ. ಬೆಳಿಗ್ಗೆ ಓರಗಿತ್ತಿಗೆ ಕಾಫಿ ಕೊಟ್ಟಿರಿ ಅನ್ನೋಣ. ಕೊಟ್ಟದ್ದು ಒಳ್ಳೆಯದೇ. ಅತ್ತೆ ನೋಡುತ್ತಿದ್ದಾರೆಂದು ಲೋಟವನ್ನು ಮೆಲ್ಲಗೆ ಇಟ್ಟಿರಾ? ಅವರು ಹಿತ್ತಲಲ್ಲಿದ್ದಿದ್ದರೆ ಕುಕ್ಕುತ್ತಿದ್ದಿರಾ? ದಿನಕ್ಕೆ ಇಂಥ ಒಂದೆರಡು ಗಳಿಗೆ ಸಾಕು. ಇಡೀ ದಿನವನ್ನು ಹಿಂಜಿದರೆ ಏನೂ ಕೈಗೆ ಹತ್ತುವುದಿಲ್ಲ.

ಒಂದೇ ಆಸೆ ಮತ್ತೆ ಮತ್ತೆ ಕಂಡರೆ ಅದನ್ನು ಮಾತ್ರ ಹಿಡಿದುಕೊಳ್ಳಿ. ಇಗ್ನೇಷಿಯಸ್ ಇದಕ್ಕೆ ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ ಎಳೆಯಲು ಹೇಳುತ್ತಾರೆ. ಮೇಲಿನ ಗೆರೆ ಎದ್ದಾಗಿನಿಂದ ಮಧ್ಯಾಹ್ನದ ಶೋಧನೆಯವರೆಗೆ, ಕೆಳಗಿನದು ಅಲ್ಲಿಂದ ರಾತ್ರಿಯ ಶೋಧನೆಯವರೆಗೆ. ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕಿ. ದಿನಕ್ಕೆ ದಿನವನ್ನು, ವಾರಕ್ಕೆ ವಾರವನ್ನು ಹೋಲಿಸಬೇಕು. ಎಡವುವುದು ಸಾಮಾನ್ಯವಾಗಿ ಎರಡು ಕಡೆ: ಐದಾರು ದೋಷಗಳನ್ನು ಒಟ್ಟಿಗೆ ಹಿಡಿಯುವುದು, ಎರಡನೆಯ ವಾರ ಚುಕ್ಕಿ ಹೆಚ್ಚಾಯಿತೆಂದು ಕೈಚೆಲ್ಲುವುದು. ಮೊದಲು ಕಾಣದಿದ್ದದ್ದು ಈಗ ಕಾಣುತ್ತಿರುವುದರಿಂದಲೂ ಚುಕ್ಕಿ ಹೆಚ್ಚುತ್ತದೆ.

139ನೆಯ ಕೀರ್ತನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲ ವಚನದಲ್ಲಿ ದೇವರಿಗೆ ‘ನೀನು ನನ್ನನ್ನು ಪರೀಕ್ಷಿಸಿ ತಿಳಿದಿದ್ದೀ’ ಎಂದ ಕೀರ್ತನೆಗಾರನೇ 23ನೆಯ ವಚನದಲ್ಲಿ ‘ಪರೀಕ್ಷಿಸು’ ಎಂದು ಬೇಡುತ್ತಾನೆ. ಹುಡುಕುವವನು ದೇವರು, ದೀಪ ಅವನ ಕೈಯಲ್ಲಿದೆ. ತನ್ನ ಮನಸ್ಸಾಕ್ಷಿಗೆ ಏನೂ ತೋರದಿದ್ದರೂ ಅಷ್ಟರಿಂದಲೇ ತಾನು ನಿರ್ದೋಷಿಯಲ್ಲ, ಹೃದಯದ ಉದ್ದೇಶಗಳನ್ನು ಬಯಲು ಮಾಡುವವನು ಕರ್ತನೇ ಎಂದು ಪೌಲನೂ ಬರೆಯುತ್ತಾನೆ (1 ಕೊರಿಂಥ 4). ಕಾಣದೆ ಉಳಿದದ್ದನ್ನು ಅವನಿಗೇ ಬಿಡಿ.

ಆದರೆ ಪಾಪನಿವೇದನೆಯಲ್ಲಿ ಹೇಳಿಯಾದ ಪಾಪವೇ ರಾತ್ರಿರಾತ್ರಿ ಮರಳಿ ಕಾಡಿದರೆ ಹುಡುಕಾಟ ನಿಲ್ಲಿಸಬೇಕು. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ಇಗ್ನೇಷಿಯಸ್ ಅವರಿಗೂ ಇದೇ ಕಾಟ. ಹೇಳಿದ್ದನ್ನೇ ಹೇಳಿ ಹೇಳಿ ಬಳಲಿ, ಕೊನೆಗೆ ಹಳೆಯದನ್ನು ಮತ್ತೆ ನಿವೇದಿಸುವುದಿಲ್ಲವೆಂದು ತೀರ್ಮಾನಿಸಿದರು. ನೀವು ಒಬ್ಬರೇ ಗುರುಗಳನ್ನು ಹಿಡಿದು, ಅವರು ‘ಸಾಕು’ ಅಂದರೆ ಸಾಕು ಮಾಡಿ. ವಾರಗಟ್ಟಲೆ ನಿದ್ದೆ ಕೆಟ್ಟರೆ ಮನೋವೈದ್ಯರನ್ನೂ ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಪ್ರಶ್ನೆ: ಕೆನಡಾದಲ್ಲಿ ಕೆಲಸ ಸಿಕ್ಕಿದೆ. ‘ದೇವರ ಚಿತ್ತ’ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜಕ್ಕೂ ಅವನ ಚಿತ್ತವೋ, ನನ್ನ ಆಸೆಯೋ?
– ಓದುಗ, ಬೆಂಗಳೂರು

ಉತ್ತರ: ಎರಡೂ ಒಟ್ಟಿಗಿರಬಹುದು. ಇಗ್ನೇಷಿಯಸ್ 10,000 ಡುಕಾಟ್ (ಆ ಕಾಲದ ಚಿನ್ನದ ನಾಣ್ಯ) ಹಣ ಸಿಕ್ಕ ಮೂರು ಬಗೆಯ ಜನರನ್ನು ಕಣ್ಮುಂದೆ ತರುತ್ತಾರೆ. ಹಣದ ಮೋಹ ಬಿಡಬೇಕೆಂದು ಮೊದಲನೆಯವರಿಗೂ ಅನಿಸುತ್ತದೆ, ಸಾಯುವವರೆಗೂ ಏನೂ ಮಾಡುವುದಿಲ್ಲ. ಎರಡನೆಯವರಿಗೆ ಮೋಹ ಹೋಗಬೇಕು, ಹಣ ಮಾತ್ರ ಉಳಿಯಬೇಕು. ದೇವರೇ ತಮ್ಮ ಇಷ್ಟದ ಕಡೆಗೆ ಬರಲಿ ಎಂಬ ಲೆಕ್ಕ. ಮೂರನೆಯವರು ಇಟ್ಟುಕೊಳ್ಳಲೂ ಸಿದ್ಧ, ಬಿಡಲೂ ಸಿದ್ಧ. ‘ದೇವರ ಚಿತ್ತ’ ಎಂಬ ಮಾತು ಬೇಗ ಬಾಯಿಗೆ ಬರುವುದು ಎರಡನೆಯವರಿಗೆ.

ಮೂರು ದಿನ ಹೋಗುವುದೆಂದು ತೀರ್ಮಾನಿಸಿದವರಂತೆ ಇರಿ, ಮೂರು ದಿನ ಹೋಗುವುದಿಲ್ಲವೆಂದು ತೀರ್ಮಾನಿಸಿದವರಂತೆ. ದಿನವೂ ಪ್ರಾರ್ಥನೆಯ ನಂತರ ಮನಸ್ಸಿನಲ್ಲಿ ಉಳಿದದ್ದನ್ನು ಒಂದು ಸಾಲು ಬರೆದಿಡಿ. ಮನಸ್ಸು ಒಣಗಿದ ದಿನ, ಜಗಳವಾದ ದಿನ ನಿರ್ಧಾರ ಬದಲಿಸಬೇಡಿ. ಇದೇ ಪ್ರಶ್ನೆ ಹಿಡಿದು ಗುರುತಿಲ್ಲದವರೊಬ್ಬರು ಬಂದಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೂ ಬರೆಯಿರಿ. ಮನೆಯವರಿಗೆ ಮಾತ್ರ ಇವತ್ತೇ ಹೇಳಿಬಿಡಿ: ಹಾಗೆ ಹೇಳಿದ್ದು ಆತುರವಾಯಿತು, ಇನ್ನೂ ಕೇಳುತ್ತಿದ್ದೇನೆ ಎಂದು.