ಖುಲಾಸೆಯಾದ ಕೇಸನ್ನೂ ಬರೆಯಿರಿ

ಕಾಲೇಜು ದಿನಗಳ ಗಲಾಟೆ ಕೇಸು ಖುಲಾಸೆಯಾಗಿದೆ, ಸರ್ಕಾರಿ ಕೆಲಸದ ಅರ್ಜಿಯಲ್ಲಿ ‘ಇಲ್ಲ’ ಅಂತ ಹಾಕಬಹುದಾ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ, ಮೊದಲು ಪ್ರಶ್ನೆಯನ್ನು ನಿಧಾನವಾಗಿ ಓದಿ. ‘ಶಿಕ್ಷೆಯಾಗಿದೆಯೇ’ ಅಂತಷ್ಟೇ ಇದ್ದರೆ ‘ಇಲ್ಲ’ ಎನ್ನುವುದು ನಿಜವೇ. ಆದರೆ ‘ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ಇತ್ತೇ’ ಅಂತ ಕೇಳಿದ್ದರೆ ‘ಹೌದು’ ಅಂತಲೇ ಬರೆಯಿರಿ. ಕೇಸ್ ನಂಬರು, ಕೋರ್ಟಿನ ಹೆಸರು, ತೀರ್ಪಿನ ದಿನಾಂಕ ಹಾಕಿ, ತೀರ್ಪಿನ ದೃಢೀಕೃತ ನಕಲನ್ನೂ ಲಗತ್ತಿಸಿ. ಸುಮ್ನೆ ಮುಚ್ಚಿಟ್ಟರೆ ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಭಯ ಇದ್ದೇ ಇರುತ್ತದೆ, ಅಲ್ವಾ? ಚಿಕ್ಕ ವಯಸ್ಸಿನ ಸಣ್ಣಪುಟ್ಟ ಕೇಸನ್ನು ಮುಚ್ಚಿಟ್ಟಿದ್ದರೂ ಇಲಾಖೆ ಮನ್ನಿಸಬಹುದು ಎಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಇಲಾಖೆಯ ವಿವೇಚನೆ, ನಿಮ್ಮ ಹಕ್ಕಲ್ಲ. ನಿಜ ಬರೆದರೂ ನೇಮಕಾತಿ ಖಚಿತವಿಲ್ಲ, ಹಿನ್ನೆಲೆ ನೋಡುವ ಅಧಿಕಾರ ಅವರಿಗಿದೆ. ಆದರೆ ನಿಜ ಬರೆದಿದ್ದರೆ, ಸುಳ್ಳು ಹೇಳಿದರು ಎಂಬ ಕಾರಣಕ್ಕೆ ನಿಮ್ಮನ್ನು ತೆಗೆಯಲಾಗುವುದಿಲ್ಲ.